ಟಾವೆಲ್ಲಿನ ಕೆಳಗಿನ ದರ

ನಮ್ಮ ಅಜ್ಜ ಜಿನ್ನಪ್ಪ ಕಬ್ಬೂರಿನಿಂದ ಬದನೆಕಾಯಿ ಬುಟ್ಟಿ ಹೊತ್ತು ರಾಯಬಾಗಕ್ಕೆ ಬಂದವನು. ಅವನು ಹಾಕಿದ ಕಾಯಿಪಲ್ಲೆ ಅಡತಿ ಅಂಗಡಿಗೆ ಈಗ ಅರವತ್ತೆರಡು ವರ್ಷ. ರೈತರ ಮಾಲನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವುದು ನಮ್ಮ ಕೆಲಸ. ಅಜ್ಜ ಬಿಟ್ಟುಹೋದದ್ದು ಒಂದು ತಕ್ಕಡಿ, ಒಂದು ಬಿಳಿ ಟಾವೆಲ್ಲು, ಬೇಕಾದಷ್ಟು ಹಟ.

ನಮ್ಮಲ್ಲಿ ಸವಾಲು, ಅಂದರೆ ಹರಾಜು, ಕುದುರುವುದು ಆ ಟಾವೆಲ್ಲಿನ ಕೆಳಗೇ. ವ್ಯಾಪಾರಿ ಅದರಡಿ ಕೈ ತೂರಿಸಿ ಅಪ್ಪನ ಬೆರಳು ಹಿಡಿಯುತ್ತಾನೆ. ಒಂದು ಬೆರಳೆಂದರೆ ಚೀಲಕ್ಕೆ ನೂರು ರೂಪಾಯಿ. ಯಾರು ಎಷ್ಟು ಹಿಡಿದರೆಂಬುದು ಅಪ್ಪನೊಬ್ಬನಿಗೇ ಗೊತ್ತು. ಆಮೇಲೆ ಹೆಚ್ಚಿನ ದರವನ್ನು ಕೂಗುತ್ತಾನೆ, ರೈತ ತಲೆಯಾಡಿಸುತ್ತಾನೆ.

ಅಪ್ಪ ರಾವಸಾಹೇಬನ ಬೆರಳುಗಳು ಸತ್ತಿವೆ ಎಂದು ನನಗೆ ತಿಳಿದದ್ದು ಹೋದ ದೀಪಾವಳಿಗೆ. ಕುದಿಯುವ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ. ಅವ್ವ ಚೀರಿದಳು. ಅವನಿಗೆ ಬೊಬ್ಬೆ ಎದ್ದ ಮೇಲೇ ಗೊತ್ತಾಯಿತು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ.

ಹಾಗಾದರೆ ದರ ಹೇಗೆ ಕೂಗುತ್ತಿದ್ದ? ಅಂದಾಜಿನ ಮೇಲೆ! ಹೆಚ್ಚಾದರೆ ವ್ಯಾಪಾರಿ ಪಾರಿಸ ತಕರಾರು ತೆಗೆಯುತ್ತಿದ್ದ, ಅಪ್ಪ ನಕ್ಕು ಇಳಿಸುತ್ತಿದ್ದ. ಕಡಿಮೆಯಾದರೆ ಅದೇ ಪಾರಿಸ ಗಪ್‌ಚುಪ್ ಚೀಲ ಎತ್ತಿಸುತ್ತಿದ್ದ. ಹೊಡೆತವೆಲ್ಲ ರೈತನಿಗೆ. ನನಗೆ ಮೈ ಉರಿಯಿತು.

“ಅಪ್ಪಾ, ಇನ್ನ ಮ್ಯಾಲೆ ಸವಾಲಿಗೆ ನಾ ಕೂಡ್ತೀನಿ.”

“ಯಾಕಲೇ ಅಮೋಲ, ನಾ ಸತ್ತೇನೇನ? ನನ್ನ ಬೆರಳ ನಿನ್ನ ತಲಿಕಿಂತ ಶ್ಯಾಣ್ಯಾ ಅದಾವು.”

ಮುಂದಿನ ಸೋಮವಾರ ಮುಗಳಖೋಡದ ಮಲಕಾರಿ ಹನ್ನೊಂದು ಚೀಲ ಹಸಿಮೆಣಸಿನಕಾಯಿ ತಂದ. ಕುರಿ ಮಾರಿ ಹಚ್ಚಿದ ಬೆಳೆ. ಅವನಪ್ಪನ ಕಾಲದಿಂದಲೂ ಆ ಮನೆಯವರು ಬೇರೆ ಅಂಗಡಿ ಮೆಟ್ಟಿಲು ಹತ್ತಿಲ್ಲ. ಪಾರಿಸ ಕೈ ಹಾಕಿ ತೆಗೆದ. ಅಪ್ಪ ಕೂಗುವ ಮೊದಲೇ ನಾನು ಪಕ್ಕದಲ್ಲಿ ಕೂತು ಟಾವೆಲ್ಲಿನಡಿ ಕೈ ತೂರಿಸಿದೆ.

“ಇದೂ ಒಂದ್ ಕೈ. ಎಷ್ಟೈತಿ ಹೇಳಪಾ?”

ಮಗನೇ ಗಿರಾಕಿಯಾದನೆಂದು ಎಲ್ಲರೂ ನಕ್ಕರು. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದ.

“ನಾಕ.”

ನಾನು ಕೈ ಹೊರಗೆ ತೆಗೆಯಲಿಲ್ಲ. ಅಪ್ಪನ ಹಣೆಯಲ್ಲಿ ಬೆವರು ಕಾಣಿಸಿತು.

“ಅಲ್ಲೇನ? ಹಂಗಾರ ಐದ.”

ನನ್ನ ಮುಖವನ್ನೇ ನೋಡುತ್ತಿದ್ದ ಮಲಕಾರಿ ಟಾವೆಲ್ಲು ಎಳೆದುಬಿಟ್ಟ. ಅಪ್ಪನ ಕೈಯಿಂದ ಒಂದು ಗೇಣು ದೂರ, ಗಾದಿಯ ಮೇಲೆ ನನ್ನ ಕೈ ಸುಮ್ಮನೆ ಬಿದ್ದಿತ್ತು. ನಾನು ಅಪ್ಪನನ್ನು ಮುಟ್ಟಿಯೇ ಇರಲಿಲ್ಲ.

ಮಲಕಾರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟ್ ವರ್ಸಾತ್ರಿ ಸಾವಕಾರ್ರ, ಹಿಂಗಾಗಿ?”

 ಮಲಕಾರಿ ತನ್ನ ಚೀಲಗಳನ್ನು ತಾನೇ ಹೊತ್ತು ಮತ್ತೆ ಟೆಂಪೋಗೆ ಹಾಕಿದ. ಅವನನ್ನು ನೋಡಿ ಉಳಿದವರೂ ತಮ್ಮ ತಮ್ಮ ಚೀಲಕ್ಕೆ ಕೈ ಹಚ್ಚಿದರು. ಪಾರಿಸ ಅಷ್ಟರಲ್ಲೇ ಜಾಗ ಖಾಲಿ ಮಾಡಿದ್ದ. ಹನ್ನೊಂದು ಗಂಟೆಗೆ ನಮ್ಮ ಕಟ್ಟೆಯ ಮೇಲೆ ಒಂದು ಕೊತ್ತಂಬರಿ ಸೂಡೂ ಉಳಿದಿರಲಿಲ್ಲ.

ಅಪ್ಪನನ್ನು ಗಾದಿಯಿಂದ ಇಳಿಸಬೇಕೆಂದಷ್ಟೇ ನಾನು ಅಂದುಕೊಂಡಿದ್ದೆ. ನಡುಪೇಟೆಯಲ್ಲಿ ಅವನ ಮಾನ ಕಳೆದೆ. ಮಾಡಿದ್ದು ತಪ್ಪೆಂದು ಇವತ್ತಿಗೂ ಅನಿಸುವುದಿಲ್ಲ.

“ಅಪ್ಪಾ, ಮನಿಗೆ ಹೋಗೂಣು” ಎನ್ನುವ ಬದಲು ಅವನ ಬೆರಳುಗಳನ್ನು, ಐದನ್ನೂ, ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಟೆಂಪೋ ಹೋದ ದಾರಿಯನ್ನೇ ನೋಡುತ್ತಿದ್ದ. ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ.