ಹೋಗಿ ಬಾ

ಮನ್ರೋ ಊರಿನಲ್ಲಿ ಹಾಡಹಗಲೇ ಏಳು ಮನೆ ಹೊಕ್ಕಿದ್ದ ಕಳ್ಳನನ್ನು ಪೊಲೀಸರು ಎರಡು ತಿಂಗಳಿಂದ ಹುಡುಕುತ್ತಿದ್ದರು. ಎಂಟನೆಯದು ತ್ರಿಪುರಸುಂದರಿಯ ಮನೆ. ಗ್ಯಾಸ್ ಲೀಕ್ ನೋಡುವವನಂತೆ ಬಂದು, ಅವಳು ಕೊಟ್ಟ ಫಿಲ್ಟರ್ ಕಾಫಿ ಕುಡಿದು, ದೇವರ ಗೂಡಿನಿಂದ ಅವಳ ಅಮ್ಮನ ಬೆಳ್ಳಿಯ ಕುಂಕುಮದ ಬಟ್ಟಲು ಎಗರಿಸಿದ್ದ.

ಅವನು ಹೊರಡುವಾಗ ಏನಂದಿರಿ ಎಂದು ಡಿಟೆಕ್ಟಿವ್ ಇಂಗ್ಲಿಷಿನಲ್ಲಿ ಕೇಳಿದ.

"ಗೋ ಅಂಡ್ ಕಮ್ ಅಂದೆ."

ಡಿಟೆಕ್ಟಿವ್‌ನ ಪೆನ್ನು ನಿಂತಿತು. ಅವನು ನಿಮಗೆ ಮೊದಲೇ ಪರಿಚಯವೇ ಎಂದ.

ಹತ್ತಿರದ ಎಡಿಸನ್ ಊರಿನಿಂದ ಓಡಿ ಬಂದಿದ್ದ ಮಗಳು ಹಂಸಿನಿ ತಲೆ ಚಚ್ಚಿಕೊಂಡಳು. "ಕಳ್ಳನಿಗೆ ಇನ್ವಿಟೇಷನ್ ಕೊಟ್ಯಾ ಅಮ್ಮಾ?"

"ಕಳ್ಳ ಅಂತ ಹಣೇಲಿ ಬರಕೊಂಡಿದ್ನಾ? ಹೊರಟೋರಿಗೆ ಬರೀ ಹೋಗು ಅನ್ನಕ್ಕಾಗತ್ತೇನೆ?"

ತ್ರಿಪುರಸುಂದರಿ ಬೆಳೆದ ಮೈಸೂರಿನ ಮನೆಯಲ್ಲಿ 'ಹೋಗ್ತೀನಿ' ಎಂಬ ಮಾತೇ ಕೂಡದು. ಪಾತ್ರೆಗೆ ಕಲಾಯಿ ಹಾಕುವವನೂ "ಬರ್ತೀನಿ ತಾಯೀ" ಎಂದೇ ಗೇಟು ದಾಟುತ್ತಿದ್ದ. ಒಮ್ಮೆ ಮುನಿಸಿಕೊಂಡು "ಹೋಗ್ತೀನಿ" ಎಂದು ಸ್ಕೂಲಿಗೆ ಹೊರಟ ಇವಳನ್ನು ಅಮ್ಮ ಒಳಗೆಳೆದು ತಂದು, ಕೂರಿಸಿ, ನೀರು ಕುಡಿಸಿ, "ಬರ್ತೀನಿ" ಅನ್ನಿಸಿದ ಮೇಲೆಯೇ ಬಿಟ್ಟಿದ್ದಳು. ಬೀದಿಯ ತಿರುವಿನವರೆಗೂ ಅಮ್ಮನ "ಹೋಗಿ ಬಾರೇ" ಬೆನ್ನ ಹಿಂದೆಯೇ ಬರುತ್ತಿತ್ತು.

ಅದಕ್ಕೆ ಅವನೇನಂದ ಎಂದು ಡಿಟೆಕ್ಟಿವ್ ಕೇಳಿದ.

ತ್ರಿಪುರಸುಂದರಿ ಉತ್ತರವನ್ನು ಮಗಳಿಗೆ ಹೇಳಿದಳು.

"ಮೆಟ್ಟಿಲ ಮೇಲೆ ನಿಂತು, ತಿರುಗಿ ನೋಡಿ, ಐ ವಿಲ್ ಮ್ಯಾಮ್ ಅಂದ ಕಣೆ. ಈ ದೇಶಕ್ಕೆ ಬಂದು ಮೂವತ್ತು ವರ್ಷ ಆಯ್ತು. ಹೋಗಿ ಬಾ ಅಂದ್ರೆ ಬರ್ತೀನಿ ಅಂದೋನು ಅವನೊಬ್ಬನೇ. ನೀನೂ ಬೈ ಅಂತೀಯ."