ಬೀಗರ ಅಂಗಡಿಯ ಬ್ರೇಕ್ ಎಣ್ಣೆ

ಕೊಟ್ಟೂರಿನ ನಾಗಲಿಂಗಮ್ಮ ತನ್ನ ಮಗಳ ಮುಖ ನೋಡಿ ಹನ್ನೊಂದು ತಿಂಗಳಾಗಿತ್ತು.

ಮಗಳು ಪುಷ್ಪಲತಾಳನ್ನು ಹಡಗಲಿಗೆ ಕೊಟ್ಟಿದ್ದರು. ಹಡಗಲಿಯೇನು ಪರದೇಶವಲ್ಲ. ಆದರೂ ಕರೆಯದೆ ಹೋಗಿ ಬೀಗರ ಮನೆಯಲ್ಲಿ ಕೂರುವ ಪದ್ಧತಿ ಇವರಲ್ಲಿಲ್ಲ. ಯುಗಾದಿಗೆ ಮಗಳನ್ನು ಕರೆಯಲು ಗಂಡ ಕರಿಸಿದ್ದಪ್ಪ ಹೋದಾಗ ಅವಳ ಅತ್ತೆಯ ಕಾಲು ಉಳುಕಿತ್ತು, ಒಬ್ಬನೇ ವಾಪಸ್ ಬಂದ. ಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕಿದರು, ಇವಳ ಮಗಳಿಗೆ ಬಸಿರಿನ ವಾಂತಿ ನಿಂತಿರಲಿಲ್ಲ. ದೀಪಾವಳಿಗೂ ಏನೋ ಒಂದು ನೆಪ ಬಂತು. ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಲ್ಲಿ ನಿಂತು ಎರಡು ನಿಮಿಷ ಮಾತಾಡುವುದಷ್ಟೇ ನಾಗಲಿಂಗಮ್ಮನ ಪಾಲಿಗೆ ಉಳಿದಿತ್ತು. ಫೋನಿನಲ್ಲಿ ಮಗಳ ದನಿ ಕೇಳುತ್ತಿತ್ತೇ ಹೊರತು, ಸೊರಗಿದ್ದಾಳೋ ಮೈ ತುಂಬಿಕೊಂಡಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಬೂತಿನಿಂದ ಮನೆಗೆ ಬಂದು ಆಕೆ ಸುಮ್ಮನೆ ಅಳುತ್ತಿದ್ದಳು.

ಈಗ ಮಗಳಿಗೆ ಏಳನೇ ತಿಂಗಳು ಬಿದ್ದಿತ್ತು. ಸೋಮವಾರ ಒಳ್ಳೆಯ ದಿನ, ಬಂದು ಸೀಮಂತದ ಕುಬಸ ಮಾಡಿ ಕರೆದುಕೊಂಡು ಹೋಗಿ ಎಂದು ಬೀಗರು ಹೇಳಿ ಕಳಿಸಿದ್ದರು. ಅದು ದಾಟಿದರೆ ಏಳರಲ್ಲಿ ಬೇರೆ ಒಳ್ಳೆಯ ದಿನವಿರಲಿಲ್ಲ, ಎಂಟರಲ್ಲಿ ಬಸುರಿಯನ್ನು ಕಳಿಸುವುದಿಲ್ಲ. ಆಮೇಲೆ ಒಂಬತ್ತಕ್ಕೇ.

ನಾಗಲಿಂಗಮ್ಮ ನಿಂತಲ್ಲಿ ನಿಲ್ಲಲಿಲ್ಲ. ಹಸಿರು ಸೀರೆ ತಂದಳು, ಬಳೆಗಾರನಿಗೆ ಹೇಳಿಟ್ಟಳು, ಬಯಕೆ ಬುತ್ತಿಗೆಂದು ಕರ್ಚಿಕಾಯಿ ಕರಿದಳು, ಹುಣಸೆಹಣ್ಣು ಕುಟ್ಟಿ ಚಿಗಳಿ ಕಟ್ಟಿದಳು. ಮಗಳು ಮಲಗುವ ಮೂಲೆಯನ್ನು ಎರಡು ಸಲ ಸಾರಿಸಿದಳು.

ಕರಿಸಿದ್ದಪ್ಪನಿಗೆ ಹಳೆಯದೊಂದು ಟ್ರ್ಯಾಕ್ಸ್ ಗಾಡಿ ಇತ್ತು. ಕೊಟ್ಟೂರಿನಿಂದ ಕೂಡ್ಲಿಗಿಗೆ ಜನರನ್ನು ಸಾಗಿಸುತ್ತಿದ್ದ. ಮಗಳನ್ನು ಕರೆತರುವ ಗಾಡಿ ಎಂದು ಅದಕ್ಕೂ ಉಪಚಾರ ನಡೆದಿತ್ತು. ಸೀಟಿಗೆ ಹೊಸ ಹೊದಿಕೆ ಬಂತು. ಬ್ರೇಕಿನ ಎಣ್ಣೆ ಇಳಿದಿತ್ತು, ಅದನ್ನು ತರಲು ಶುಕ್ರವಾರ ಹಗರಿಬೊಮ್ಮನಹಳ್ಳಿಗೆ ಹೋದ. ಕೊಟ್ಟೂರಿನಲ್ಲೇ ಬಿಡಿಭಾಗದ ಅಂಗಡಿಗಳಿದ್ದವು. ಆದರೆ ಬೊಮ್ಮನಹಳ್ಳಿಯ ಅಂಗಡಿಯಲ್ಲಿ ಅಳಿಯನ ದೊಡ್ಡಪ್ಪನ ಮಗ ಗುರುಬಸವರಾಜ ಕೆಲಸಕ್ಕಿದ್ದ. ಬೀಗರ ಕಡೆಯವನನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೆ ಆ ಮಾತು ಹಡಗಲಿ ಮುಟ್ಟುತ್ತದೆ ಎಂಬುದು ಕರಿಸಿದ್ದಪ್ಪನ ಲೆಕ್ಕಾಚಾರ. ಗುರುಬಸವರಾಜ ಏನು ಕೊಟ್ಟರೂ ಅದನ್ನು ತಿರುಗಿಸಿ ನೋಡದೆ ಚೀಲಕ್ಕೆ ಹಾಕಿಕೊಳ್ಳುವುದು, ಚಹಾ ಕುಡಿದು ಬರುವುದು ಅವನ ರೂಢಿ.

ಮರುದಿನ ಸಂಜೆ ಎದುರುಮನೆಯ ದುರುಗಪ್ಪ ಬಂದ. ಬಸ್ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್ ಆಗಿ ಮೊನ್ನೆ ಮೊನ್ನೆ ನಿವೃತ್ತನಾದವನು. ಎಲ್ಲಿ ಗಾಡಿಯ ಬಾನೆಟ್ ತೆರೆದಿದ್ದರೂ ಅಲ್ಲಿ ಅವನ ತಲೆ ಇರಬೇಕು.

ಕಟ್ಟೆಯ ಮೇಲಿದ್ದ ಬಾಟಲಿ ನೋಡಿ ಕೇಳಿದ, "ಕರಿಸಿದ್ದಪ್ಪ, ಇದೇನೋ ಇದು?"

"ಬ್ರೇಕ್ ಎಣ್ಣಿ. ನಿನ್ನಿ ಹಾಕೀನಿ. ಉಳಿದಿದ್ದು ಅದು."

"ಬ್ರೇಕ್ ಎಣ್ಣಿ ಸೀಲ್ ಹಾಕಿದ ಡಬ್ಬಿಯಾಗ ಬರತೈತಿ. ಇದು ನೀರಿನ ಬಾಟ್ಲಿ. ಮ್ಯಾಲ ಒಂದಕ್ಷರ ಇಲ್ಲ."

"ಡಬ್ಬಿ ಖಾಲಿ ಆಗಿದ್ವಂತ. ಇದು ಟ್ರ್ಯಾಕ್ಟರ್ನಾಗ ಹಾಕೋ ಎಣ್ಣಿ, ಬ್ರೇಕಿಗೂ ನಡೀತೈತಿ ಅಂತ ಗುರುಬಸವರಾಜ ಹೇಳ್ಯಾನ."

ದುರುಗಪ್ಪ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಉಜ್ಜಿ ನೋಡಿದ. ಅವನ ಮುಖ ಕಪ್ಪಿಟ್ಟಿತು. "ನಡೆಯಂಗಿಲ್ಲೋ ಮಾರಾಯ. ನೀನು ಇನ್ನೊಬ್ಬರನ್ನ ಕೇಳಲಿಲ್ಲೇನು?"

ಕರಿಸಿದ್ದಪ್ಪನಿಗೆ ಸಿಟ್ಟು ಬಂತು. "ಬೀಗರ ಕಡಿಯೋರು ಕೊಟ್ಟಿದ್ದನ್ನ ಪರೀಕ್ಷೆ ಮಾಡ್ಲೇನು? ಅಲ್ಲಿ ನನ್ನ ಮಗಳು ಬಾಳೇವು ಮಾಡ್ತಾಳ. ಅದೂ ಅಲ್ದ ಬ್ರೇಕ್ ಚೊಲೋ ಹಿಡೀತೈತಿ. ಬೇಕಾದ್ರ ಹತ್ತು, ತೋರಿಸ್ತೀನಿ."

ಓಣಿಯ ಕೊನೆಯವರೆಗೆ ಗಾಡಿ ಓಡಿಸಿ ಒತ್ತಿದ. ಗಾಡಿ ಟಕ್ಕನೆ ನಿಂತಿತು. ಬಾಗಿಲಲ್ಲಿದ್ದ ನಾಗಲಿಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ದುರುಗಪ್ಪ ಮಾತ್ರ ಅಡ್ಡಡ್ಡ ತಲೆಯಾಡಿಸಿದ.

"ಇವತ್ತು ಹಿಡೀತೈತಿ, ನಾನೇನು ಇಲ್ಲ ಅನ್ನಂಗಿಲ್ಲ. ತಂಗೆವ್ವಾ, ಎರಡು ಗಾಜಿನ ಲೋಟ ಕೊಡು."

ತನ್ನ ಮನೆಯಿಂದ ಎರಡು ಹೊಸ ರಬ್ಬರ್ ವಾಷರ್ ತಂದ, ಎರಡೂ ಒಂದೇ ಅಳತೆಯವು. ಒಂದು ಲೋಟಕ್ಕೆ ತನ್ನಲ್ಲಿದ್ದ ಸೀಲಿನ ಡಬ್ಬಿಯ ಬ್ರೇಕ್ ಎಣ್ಣೆ ಸುರಿದ, ಇನ್ನೊಂದಕ್ಕೆ ಬಾಟಲಿಯ ಎಣ್ಣೆ. ಒಂದೊಂದು ವಾಷರ್ ಹಾಕಿ ಮುಚ್ಚಿಟ್ಟ. "ಬ್ರೇಕಿನ ಒಳಗ ಇಂಥವ ಇರ್ತಾವು. ಎಣ್ಣಿ ಸೋರದಂಗ ತಡದು ಬ್ರೇಕ್ ಹಿಡಿಸೋವು ಇವ. ನಾಳಿ ಮುಂಜಾನಿ ನೋಡ್ರಿ. ಅಲ್ಲೀತನಕ ಗಾಡಿ ತೆಗೀಬ್ಯಾಡ್ರಿ" ಎಂದು ಹೋದ.

ಭಾನುವಾರ ಬೆಳಿಗ್ಗೆ ಮೊದಲು ಲೋಟ ನೋಡಿದವಳು ನಾಗಲಿಂಗಮ್ಮ. ಬ್ರೇಕ್ ಎಣ್ಣೆಯ ವಾಷರ್ ಹಾಕಿದಂತೆಯೇ ಇತ್ತು. ಇನ್ನೊಂದು ಉಬ್ಬಿ ಮೆತ್ತಗಾಗಿತ್ತು. ಎರಡನ್ನೂ ಅಂಗೈಯಲ್ಲಿಟ್ಟು ನೋಡಿದಳು. ಒಂದರ ಮೇಲೆ ಒಂದು ಕೂರಲೇ ಇಲ್ಲ.

ದುರುಗಪ್ಪ ಬಂದು ವಿವರಿಸಿದ. "ಗಾಡಿ ಒಳಗ ಇದ ನಡದೈತಿ ಈಗ. ಹಿಂಗ ಉಬ್ಬಿದ ಮ್ಯಾಲ ಒಂದಿನ ಪೆಡಲ್ ಸೀದಾ ಕೆಳಗ ಹೋಗತೈತಿ, ಇಲ್ಲಾಂದ್ರ ಗಾಲಿ ಬಿಗದು ನಿಲ್ಲತಾವು. ಯಾವತ್ತು, ಎಲ್ಲಿ ಅಂತ ನಾನು ಹೇಳಂಗಿಲ್ಲ. ಎಣ್ಣಿ ಪೂರಾ ತೆಗದು, ಪೈಪ್ ತೊಳದು, ರಬ್ಬರೆಲ್ಲ ಬದಲಿ ಮಾಡಬೇಕು. ನಾಕು ದಿನ ಬೇಕು."

"ನಾಕು ದಿನ!" ಕರಿಸಿದ್ದಪ್ಪ ಹೌಹಾರಿದ. "ನಾಳಿ ಸೋಮವಾರ. ಲಗ್ನದ ಸುಗ್ಗಿ, ಊರಾಗ ಒಂದು ಬಾಡಿಗಿ ಗಾಡಿ ಸಿಗಂಗಿಲ್ಲ. ಬಸ್ಸಿನ್ಯಾಗ ಬಸುರಿನ್ನ ಕಳಸಂಗಿಲ್ಲ ಅಂತ ಬೀಗತಿ ಮೊದಲ ಅಂದಾರ. ನಾಳಿ ಒಂದಿನ ಹೋಗಿ ಬಂದು ಬಿಡೋಣು. ಮೆಲ್ಲಕ ಹೊಡೀತೀನಿ. ಆಮ್ಯಾಲ ಏನರ ಮಾಡು."

ಇಬ್ಬರೂ ನಾಗಲಿಂಗಮ್ಮನ ಕಡೆ ನೋಡಿದರು. ಕರಿಸಿದ್ದಪ್ಪನಿಗೆ ಹೆಂಡತಿಯ ಮೇಲೆ ಭರವಸೆ. ಮಗಳಿಗಾಗಿ ಇವಳಷ್ಟು ಹಂಬಲಿಸಿದವರು ಯಾರಿದ್ದಾರೆ? ಹೋಗೋಣ ಅನ್ನುತ್ತಾಳೆ.

ಅವಳಿಗೂ ಹಾಗೆನ್ನಬೇಕೆಂದು ಬಾಯಿವರೆಗೆ ಬಂದಿತ್ತು. ಒಂದೇ ದಿನವಲ್ಲವೇ? ನಾಳೆ ಈ ಹೊತ್ತಿಗೆ ಮಗಳು ಪಕ್ಕದಲ್ಲಿ ಕೂತಿರುತ್ತಾಳೆ, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬಹುದು, ತಲೆಗೆ ಎಣ್ಣೆ ಹಚ್ಚಬಹುದು. ಇಲ್ಲದಿದ್ದರೆ ಇನ್ನೂ ಎರಡು ತಿಂಗಳು. ಎರಡು ತಿಂಗಳೆಂದರೆ ಎಷ್ಟು ಉದ್ದ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಂಗೈಯಲ್ಲಿ ಉಬ್ಬಿದ ವಾಷರ್ ಇನ್ನೂ ಇತ್ತು.

"ಬ್ಯಾಡ್ರಿ," ಅಂದಳು.

"ಏನಂದಿ?"

"ಆ ಗಾಡ್ಯಾಗ ನನ್ನ ಮಗಳನ್ನ ಕೂಡಸಂಗಿಲ್ಲ. ಎರಡು ತಿಂಗಳು ಕಾಯ್ತೀನಿ. ಹನ್ನೊಂದು ಕಾದೀನಿ, ಇನ್ನೆರಡೂ ಕಾಯ್ತೀನಿ."

ಬೂತಿಗೆ ಹೋಗಿ ಬೀಗತಿ ಗಂಗಾಂಬಿಕಾಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಗುರುಬಸವರಾಜನ ಹೆಸರು ಹೇಳುವಾಗ ಮಾತ್ರ ತಡವರಿಸಿದಳು. "ನಮ್ಮೋನ ಕೊಟ್ಟಿದ್ದಾದ್ರೂ ತಪ್ಪು ತಪ್ಪ ಅಲ್ರೀ ಬೀಗತೇರ," ಎಂದಳು ಗಂಗಾಂಬಿಕಾ. "ಬೇಕಂತ ಮಾಡಿರಂಗಿಲ್ಲ, ಗೊತ್ತಿಲ್ದ ಮಾಡ್ಯಾನ. ಒಂಬತ್ತರಾಗ ಬರ್ರಿ, ನಾನ ಕುಬಸ ಮಾಡಿಸಿ ಕಳಸ್ತೀನಿ. ತಗೋರ್ರಿ, ಮಗಳ ಕೂಡ ಮಾತಾಡ್ರಿ."

"ಅವ್ವಾ, ನಾಳಿ ಎಷ್ಟೊತ್ತಿಗೆ ಬರ್ತೀರಿ? ಚೀಲ ಕಟ್ಟಿಟ್ಟೀನಿ."

ಆ ಚೀಲವನ್ನು ಬಿಚ್ಚು ಎಂದು ಹೇಳಿದ್ದೇ ನಾಗಲಿಂಗಮ್ಮನ ಬದುಕಿನಲ್ಲೇ ಕಷ್ಟದ ಮಾತು. ಮಗಳು ಅತ್ತಳು, ಇವಳೂ ಅತ್ತಳು. ಬೂತಿನವನು ಮೀಟರು ಬಿಟ್ಟು ರಸ್ತೆ ನೋಡುತ್ತ ಕೂತ.

ದುರುಗಪ್ಪ ಗಾಡಿ ಬಿಚ್ಚಿದ. "ಹಳೇ ಸಾಮಾನು ತೋರಿಸಿ ಹೊಸದು ತರೋದು ಚೊಲೋ. ಆದ್ರ ಇವು ಉಬ್ಬ್ಯಾವು, ಅಳತಿ ಸಿಗಂಗಿಲ್ಲ. ಅದಕ್ಕ ಬ್ರೇಕಿನ ಸಿಲಿಂಡರ್ ಮ್ಯಾಲಿನ ನಂಬರ್ ಬರಕೋರ್ರಿ" ಎಂದ. ನಾಗಲಿಂಗಮ್ಮ ಚೀಟಿಯಲ್ಲಿ ಬರೆದುಕೊಂಡಳು. ಗಂಡನ ಜೊತೆ ತಾನೂ ಬಸ್ಸು ಹತ್ತಿ ಬೊಮ್ಮನಹಳ್ಳಿಗೆ ಹೋದಳು. ಈ ಸಲ ಗಂಡನ ಸಂಕೋಚದ ಮೇಲೆ ಭಾರ ಹಾಕುವ ಮನಸ್ಸು ಅವಳಿಗಿರಲಿಲ್ಲ.

ಗುರುಬಸವರಾಜ ಕುರ್ಚಿ ಹಾಕಿಸಿ, ಚಹಾಕ್ಕೆ ಹೇಳಿ, ರಬ್ಬರಿನ ಪ್ಯಾಕೆಟ್ ತಂದಿಟ್ಟ. ಕರಿಸಿದ್ದಪ್ಪನ ಕೈ ರೂಢಿಯಂತೆ ಅದನ್ನು ಚೀಲದ ಕಡೆ ಒಯ್ದಿತು. ನಾಗಲಿಂಗಮ್ಮ ತಡೆದಳು.

"ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ಚೀಟ್ಯಾಗ ನಂಬರಿನ ಕಡೀಗೆ ಏಳು ಐತಿ, ಪ್ಯಾಕೆಟ್ ಮ್ಯಾಲ ನಾಕು ಐತಿ. ನಡೀತೈತೇನು?"

ಗುರುಬಸವರಾಜ "ನಡೀ..." ಎಂದವನು ನಿಂತ. ಒಳಗಿದ್ದ ಅಂಗಡಿಯ ಯಜಮಾನರನ್ನು ಕೇಳಿದ. ಅವರು ದಪ್ಪ ಪುಸ್ತಕ ತೆಗೆದು ಬೆರಳಾಡಿಸಿದರು. ನಾಲ್ಕರದ್ದು ಬೇರೆ ಮಾದರಿಯ ಗಾಡಿಗೆ, ಇವರದಕ್ಕೆ ಏಳರದ್ದೇ ಬೇಕು. ಬಾಟಲಿ ಎಣ್ಣೆಯ ಸಂಗತಿ ಕೇಳಿ ಯಜಮಾನರು ತಮ್ಮ ತಲೆ ತಾವೇ ಚಚ್ಚಿಕೊಂಡರು.

ಗುರುಬಸವರಾಜನ ಮುಖ ಸಣ್ಣದಾಯಿತು. "ಮಾವಾರ, ನಾನು ಈ ಕೆಲಸಕ್ಕ ಸೇರಿ ಐದು ತಿಂಗಳಾತ್ರಿ, ಮೊದಲು ಬಟ್ಟಿ ಅಂಗಡ್ಯಾಗ ಇದ್ದೆ. ಬೀಗರ ಮುಂದ ಗೊತ್ತಿಲ್ಲ ಅನ್ನಾಕ ನಾಚಿಕಿ ಆತು. ನೀವರ ಒಂದ್ಸಲ ಕೇಳಿದ್ರ ಯಜಮಾನರನ್ನ ಕೇಳ್ತಿದ್ದೆ."

"ನಿನ್ನ ಕೇಳಾಕ ನನಗೂ ನಾಚಿಕಿ ಆತಪ್ಪ," ಎಂದ ಕರಿಸಿದ್ದಪ್ಪ. ಇಬ್ಬರ ನಾಚಿಕೆಯ ನಡುವೆ ತನ್ನ ಮಗಳು ಕೂರಬೇಕಾಗಿತ್ತಲ್ಲ ಎಂದುಕೊಳ್ಳುತ್ತ ನಾಗಲಿಂಗಮ್ಮ ಏಳರ ಪ್ಯಾಕೆಟ್ಟನ್ನು ಚೀಟಿಯ ಜೊತೆ ಮತ್ತೊಮ್ಮೆ ತಾಳೆ ನೋಡಿದಳು.

ಆ ಎರಡು ತಿಂಗಳು ಹೇಗೆ ಕಳೆದವೋ ಅವಳೇ ಬಲ್ಲಳು. ಕರ್ಚಿಕಾಯಿ ಓಣಿಯ ಮಕ್ಕಳ ಪಾಲಾದವು. ಬೇರೆಯವರ ಮಗಳು ತವರಿಗೆ ಬಂದಾಗಲೆಲ್ಲ ಕದ ಹಾಕಿಕೊಂಡು ಒಳಗೆ ಕೂತಳು. ನೆಟ್ಟಗಾದ ಗಾಡಿ ಮನೆ ಮುಂದೆ ನಿಂತದ್ದನ್ನು ನೋಡಿ, ಸುಮ್ಮನೆ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತೋ ಏನೋ, ಏನೂ ಆಗುತ್ತಿರಲಿಲ್ಲವೇನೋ ಎಂದು ಒಮ್ಮೊಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಒಂಬತ್ತರಲ್ಲಿ ಹೋದರು. ಹಸಿರು ಸೀರೆ ಉಡಿಸಿ, ಉಡಿ ತುಂಬಿಸಿ ಮಗಳನ್ನು ಗಾಡಿಗೆ ಹತ್ತಿಸಿದರು. ಪುಷ್ಪಲತಾ ಮೈ ತುಂಬಿಕೊಂಡಿದ್ದಳು, ಕಣ್ಣ ಕೆಳಗೆ ಮಾತ್ರ ಕಪ್ಪಾಗಿತ್ತು. ಊರು ದಾಟುವಷ್ಟರಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಇಳಿಜಾರಿನ ತಿರುವಿನಲ್ಲಿ ಕುರಿಮಂದೆಯೊಂದು ದಾರಿಗೆ ಅಡ್ಡ ಬಂತು, ನೂರಕ್ಕೂ ಮೇಲೆ ಕುರಿ. ನಾಗಲಿಂಗಮ್ಮ ಮಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕರಿಸಿದ್ದಪ್ಪ ಬ್ರೇಕ್ ಒತ್ತಿದ. ಗಾಡಿ ಮೆತ್ತಗೆ, ಒಂದು ಮಾರು ಈಚೆಗೆ ನಿಂತಿತು.

ಪುಷ್ಪಲತಾಳಿಗೆ ಎಚ್ಚರವೂ ಆಗಲಿಲ್ಲ.

ಟ್ರ್ಯಾಕ್ಸು, ಆಟೋ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ ಇರುವ ಬಂಧುಗಳೇ, ಅವರ ಮನೆಯ ಅಕ್ಕತಂಗಿಯರೇ, ಅಂಗಡಿಯವರು ನಿಮ್ಮ ವೈರಿಗಳಲ್ಲ. ಅವರಿಗೂ ಒಮ್ಮೊಮ್ಮೆ ಗೊತ್ತಿರುವುದಿಲ್ಲ, ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ನೀವು ಕೇಳಬೇಕು. ಬಿಚ್ಚಿದ ಹಳೆಯ ಭಾಗವನ್ನು ಎಸೆಯದೆ ಅಂಗಡಿಗೆ ಒಯ್ಯಿರಿ, ಗಾಡಿಯ ಮಾದರಿ ಮತ್ತು ನಂಬರು ಬರೆದುಕೊಂಡು ಹೋಗಿ ಪ್ಯಾಕೆಟ್ಟಿನ ಜೊತೆ ತಾಳೆ ನೋಡಿರಿ. ಹೆಸರಿಲ್ಲದ ಬಾಟಲಿಯ ಎಣ್ಣೆಯನ್ನು ಯಾರು ಕೊಟ್ಟರೂ ಗಾಡಿಗೆ ಹಾಕಬೇಡಿರಿ. "ಇದೂ ನಡೀತೈತಿ" ಎಂಬ ಮಾತು ಕೇಳಿದರೆ, ಬಲ್ಲ ಮೆಕ್ಯಾನಿಕ್ ಒಬ್ಬರನ್ನು ವಿಚಾರಿಸಿಯೇ ಮುಂದಿನ ಕೆಲಸ. ತಪ್ಪು ಎಣ್ಣೆ ಬಿದ್ದಿದೆ ಎಂದು ತಿಳಿದರೆ, ಬ್ರೇಕ್ ಹಿಡಿಯುತ್ತಿದ್ದರೂ ಸರಿ, ಗಾಡಿ ತೆಗೆಯಬೇಡಿರಿ.

ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಿಮ್ಮ ಗಾಡಿಯ ದಾರಿ ಕಾಯುವವರು ಯಾವುದೋ ಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಅವರ ಸಲುವಾಗಿ ಅಂಗಡಿಯಲ್ಲಿ ಒಂದು ಮಾತು ಹೆಚ್ಚಿಗೆ ಕೇಳಿರಿ.