ಹತ್ತಿರದ ಕಾಲೇಜು

ಬಾಲ್ಕನಿಯ ಬಾಗಿಲು ಮೆಲ್ಲಗೆ ಸರಿದ ಸದ್ದು, ಪೂರ್ತಿ ಮುಚ್ಚಲಿಲ್ಲ, ಪೂರ್ತಿ ಮುಚ್ಚಿದರೆ ಅಮ್ಮನಿಗೆ ಅನುಮಾನ ಬರುತ್ತದೆ ಎಂದು ಗೊತ್ತಿರುವವಳು ಮುಚ್ಚುವ ಹಾಗೆ, ಅರ್ಧ — ಮಗಳು ಫೋನಿನಲ್ಲಿದ್ದಾಳೆ, ನಾನು ಕುಕ್ಕರಿನ ತಳ ಉಜ್ಜುವುದನ್ನು ನಿಲ್ಲಿಸಿ ನಲ್ಲಿಯನ್ನು ಸಣ್ಣಗೆ ಮಾಡುತ್ತೇನೆ, ಹೌದು ಮೇಡಂ, ಹತ್ತಿರದ್ದಕ್ಕೇ ಸೇರ್ತೀನಿ, ಮಧ್ಯಾಹ್ನದೊಳಗೆ ನಿಮಗೆ ಬರೆದು ತಿಳಿಸ್ತೀನಿ — ಮೇಡಮ್ಮೋ ಇನ್ಯಾರೋ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ನನ್ನ ಕಾಲು ಬಾತಿರಬಹುದು, ಕಿವಿ ಇನ್ನೂ ಚೆನ್ನಾಗಿದೆ. ಹತ್ತಿರದ್ದಂತೆ. ಆಕ್ಯುಪೇಷನಲ್ ಥೆರಪಿ ಮಾಸ್ಟರ್ಸ್‌ಗೆ ಎರಡು ಕಡೆ ಸೀಟು ಸಿಕ್ಕಿದೆ, ಒಂದು ಎರಡು ಸ್ಟಾಪಿನಾಚೆ, ಇನ್ನೊಂದು ರಾತ್ರಿಯಿಡೀ ರೈಲು, ಕಾಯಿಲೆ ಬಿದ್ದವರಿಗೆ ಉಣ್ಣುವುದು ಉಡುವುದು ಮತ್ತೆ ಕಲಿಸುವ ವಿದ್ಯೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಪಕ್ಕದ ಮನೆಯಾಕೆ, ಆಕ್ಯುಪೇಷನ್ ಅಂದ್ರೆ ನೌಕರಿ, ನೌಕರಿ ಕೊಡಿಸೋ ಓದೇನ್ರೀ, ನಮ್ಮಳಿಯನ ಹೆಸರೂ ಸೇರಿಸಿ ಅಂದಳು, ನಕ್ಕೆ, ಆದರೆ ಈಗ ನಗು ಬರುವುದಿಲ್ಲ, ನಾನೂ ಮಗಳೂ ಹೋಗಿ ಎರಡನ್ನೂ ನೋಡಿ ಬಂದವರಲ್ಲವೇ, ಹತ್ತಿರದ ಕಾಲೇಜಿನಲ್ಲಿ ರೋಗಿಗಳ ಅಭ್ಯಾಸಕ್ಕೆಂದು ಇಟ್ಟ ಅಡುಗೆಮನೆಯಲ್ಲಿ ಒಲೆಗೆ ಬೆಂಕಿ ತಾಗಿದ ಗುರುತಿಲ್ಲ, ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ, ನಲ್ಲಿ ತಿರುಗಿಸಿದರೆ ಗೊರಗೊರ ಗಾಳಿ, ನೀರು ನಾಳೆ ಬರುತ್ತೆ ಅಂದ ಗುಮಾಸ್ತ, ದೂರದ್ದರಲ್ಲಿ ಬಾಗಿಲ ಹಿಡಿಕೆಗಳೆಲ್ಲ ಕೈ ತಾಗಿ ತಾಗಿ ಸವೆದಿದ್ದವು, ನಾನೇ ತೋರಿಸಿದ್ದೆ, ನೋಡು, ಇಲ್ಲಿ ಜನ ಬರ್ತಾರೆ, ಹೂಂ ಅಂದಿದ್ದಳು, ಕಣ್ಣು ಅರಳಿತ್ತು — ಹಾಗಾದರೆ ಏನಾಯಿತು, ಯಾರಿದ್ದಾರೆ ಈ ಊರಿನಲ್ಲಿ, ಇದ್ದರೆ ಇರಲಿ, ಹೇಳಲಿ, ನಾನೇನು ಹುಲಿಯೇ, ವಾಪಸು ಬರುವಾಗ ರೈಲಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತವಳು ಊಟದ ಡಬ್ಬಿ ಕೂಡ ತೆರೆಯಲಿಲ್ಲ, ಅಲ್ಲಿಂದಲೇ ಶುರು, ಅಲ್ಲಿ ಏನೋ ನಡೆದಿದೆ, ಅಲ್ಲಿ ಏನು ನಡೆಯಿತು — ಒಬ್ಬ ಮುದುಕ ನೀರಿನ ಬಾಟಲಿಗೆ ಮುಚ್ಚಳ ಹಾಕಲು ಹೆಣಗುತ್ತಿದ್ದ, ದಪ್ಪ ಕನ್ನಡಕದ ಮೇಷ್ಟ್ರಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನೋಡುತ್ತ ನಿಂತಿದ್ದಳು, ಎಂಥ ಕಲ್ಲೆದೆ, ನನಗೆ ತಡೆಯಲಾಗಲಿಲ್ಲ, ಹೋಗಿ ತಿರುಗಿಸಿಬಿಟ್ಟೆ, ಮುದುಕನ ಮುಖ ಬಾಡಿತು, ಆಕೆ ಬೈಯಲಿಲ್ಲ, ಬಿಡಿ ಅಮ್ಮ, ಅದು ಅವರ ಕೆಲಸವಾಗಿತ್ತು, ಮೊದಲ ವರ್ಷ ನಮ್ಮ ಮಕ್ಕಳಿಗೂ ಕಷ್ಟ ಇದೇ, ಕೈ ಕಟ್ಟಿಕೊಂಡು ನಿಲ್ಲೋದು, ಅಂದಳು, ಅಷ್ಟೇ, ಅಷ್ಟಕ್ಕೆ ಈ ಹುಡುಗಿಗೆ ನಾಚಿಕೆಯೇ, ಅಮ್ಮ ಮಾನ ಕಳೆದಳೆಂದೇ.

ಯಾರದು ಫೋನು, ಕೇಳಿಯೇಬಿಟ್ಟೆ, ದೂರದ ಕಾಲೇಜಿನ ಮೇಡಂದಮ್ಮ, ಕನ್ನಡಕದವರು, ಅಂದಳು, ಅವರಿಗೆ ಅಲ್ಲಿಗೆ ಬರಲ್ಲ ಅಂದ್ಯಾ, ಅಂದೆ, ಯಾಕೇ, ಒಲೆ ಹಚ್ಚದ ಅಡುಗೆಮನೆಯಲ್ಲಿ ಏನು ಕಲೀತೀಯ, ಗಾಳಿ ಕುಡೀತೀಯಾ, ಅವಳು ತುಟಿ ಕಚ್ಚಿದಳು, ನಿಂಗೆ ಬೇಜಾರಾಗುತ್ತೆ, ಆಗಲಿ ಹೇಳು, ಅಂದೆ, ನಾನು ಹೋದರೆ ಅಪ್ಪನ ಬಲಗೈ ಪೂರ್ತಿ ಹೋಗುತ್ತಮ್ಮ, ಸ್ಟ್ರೋಕಿನಿಂದ ಅಲ್ಲ, ನಿನ್ನಿಂದ, ಅನ್ನ ಕಲಸಿ ಕೊಡ್ತೀಯ, ತಲೆ ಬಾಚ್ತೀಯ, ಅಂಗಿ ಗುಂಡಿ ಹಾಕ್ತೀಯ, ಅವರಿಗೆ ಮಾಡೋಕೆ ಏನುಳಿದಿದೆ, ನಾನಿದ್ದರೆ ನಡುವೆ ನಿಂತು ತಡೀಬಹುದು — ಓಹೋ, ಕಾವಲು ಕಾಯೋಕೆ ಉಳೀತಿದ್ದೀಯ, ಸಂಬಳವಿಲ್ಲದ ನರ್ಸಿನ ತಪ್ಪು ಹಿಡಿಯೋಕೆ, ಬಸ್ಸು ತಪ್ಪಿದರೆ ಅಂಗಡಿ ಯಜಮಾನನ ಮುಖ ನೀನು ನೋಡ್ತೀಯಾ, ಗುಂಡಿ ನಾನು ಹಾಕಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ, ಅವರಿಗೇ ಬಿಟ್ಟರೆ ಹಾಲು ಉಕ್ಕಿ ಆರಿ ಕೆನೆ ಕಟ್ಟುತ್ತದೆ, ಹೊತ್ತಿಲ್ಲ ನನಗೆ, ಪ್ರೀತಿ ಎಂದುಕೊಂಡಿದ್ದೆ, ಹೊತ್ತಿಲ್ಲದ್ದಕ್ಕೆ ಪ್ರೀತಿಯೆಂದು ಹೆಸರಿಟ್ಟಿದ್ದೆನೋ ಏನೋ, ಅಥವಾ ಇವಳೇ ನನ್ನ ತಲೆ ಕೆಡಿಸುತ್ತಿದ್ದಾಳೋ, ಓದಿದವರ ಮಾತು, ನಂಬುವುದು ಹೇಗೆ — ಅಷ್ಟರಲ್ಲಿ ಅವರು ಕೋಣೆಯಿಂದ ಬಂದು ಎಂದಿನಂತೆ ನನ್ನೆದುರು ನಿಂತು ಗದ್ದ ಎತ್ತುತ್ತಾರೆ, ಅಂಗಿ ತೆರೆದಿದೆ, ನನ್ನ ಒದ್ದೆ ಕೈ ತಾನಾಗಿ ಹೊರಟಿತು, ಅದರ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡೆ, ಏನೇ, ಬೆಳಗ್ಗೆ ಬೆಳಗ್ಗೆ ಮುನಿಸಾ, ಅಂದರು, ನೀವೇ ಹಾಕ್ಕೊಳ್ಳಿ, ಅಂದೆ, ಇದೇನು ಹೊಸ ಕಾನೂನು, ಹಾಕ್ಕೊಳ್ಳಿ ಅಂದ್ನಲ್ಲ, ಅವರು ನಕ್ಕರು, ಆಮೇಲೆ ನಗಲಿಲ್ಲ, ಬಲಗೈ ಮೇಲೇರಿತು, ಜಾರಿತು, ಮತ್ತೆ ಏರಿತು, ಮಗಳು ಅವರನ್ನು ನೋಡುತ್ತಿಲ್ಲ, ನನ್ನ ಬೆನ್ನ ಹಿಂದಿನ ಕೈ ನೋಡುತ್ತಿದ್ದಾಳೆ, ಅವಳ ಹೆಬ್ಬೆರಳು ಫೋನಿನ ಮೇಲೆ ನಿಂತಿದೆ, ಮೇಡಂಗೆ ಬರೆಯುವುದನ್ನು ಇನ್ನೂ ಬರೆದಿಲ್ಲ, ಇವಳು ನನ್ನನ್ನು ಪರೀಕ್ಷಿಸುತ್ತಿದ್ದಾಳೆ, ಪರೀಕ್ಷಿಸಲಿ, ಹೋಗು ತಾಯಿ, ರಾತ್ರಿಯಿಡೀ ರೈಲಿನಲ್ಲಿ ಹೋಗು, ಬಸ್ಸು ತಿರುವಿನಲ್ಲಿ ಹಾರನ್ ಹಾಕಿತು, ಬಸ್ಸು ಹೋಯಿತು, ಗುಂಡಿ ಕಾಜದ ಅಂಚಿಗೆ ಬಂತು, ಜಾರಿತು, ಬಂತು, ಒಂದು ಅಂಚು ಒಳಗೆ, ಇನ್ನೊಂದು ಹೊರಗೆ, ಅವರ ಹೆಬ್ಬೆರಳು ನಡುಗುತ್ತಿದೆ, ಒಂದೇ ಒಂದು ತಳ್ಳು ಸಾಕು, ನಾನು ತಳ್ಳುವುದಿಲ್ಲ, ಬಿಳಿ ಗುಂಡಿ, ಅರ್ಧ ಒಳಗೆ, ಅರ್ಧ